ಗೋಬರ್ ಗ್ಯಾಸ್ ಲಾಗ್: ಗ್ಯಾಸ್‌ಗೆ ಗಿರಾಕಿ ಇದೆ, ಬಗ್ಗಡಕ್ಕೆ?

ಹಿತ್ತಲ ಗ್ಯಾಸ್ ಈಗ ನೀಟಾಗಿ ಉರಿಯುತ್ತಿದೆ. ಪೈಪಿನ ನಡುವೆ ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಡಬ್ಬಿ ಕೂರಿಸಿದ ಮೇಲೆ ಕೊಳೆತ ಮೊಟ್ಟೆಯ ನಾತ ಹೋಯಿತು. ಬಿಚ್ಚಿ ನೋಡಿದರೆ, ಗ್ಯಾಸ್ ಒಳಬರುವ ಕಡೆಯ ಚೂರುಗಳು ಕಪ್ಪಾಗಿವೆ, ಆ ಕಡೆಯವು ಇನ್ನೂ ಕೆಂಪಗೇ ಇವೆ. ಆ ನಾತದ ಹೈಡ್ರೋಜನ್ ಸಲ್ಫೈಡ್ ಎಲ್ಲಿಯವರೆಗೆ ಹೋಗಿದೆ ಅಂತ ಕಣ್ಣಿಗೇ ಕಾಣುತ್ತದೆ.

ಮುಂದಿನ ಹೆಜ್ಜೆ ಸಿಲಿಂಡರ್‌ಗೆ ತುಂಬಿ ಮಾರುವುದು ಅಲ್ವಾ ಅಂತ ಗೆಳೆಯರು ಕೇಳುತ್ತಿದ್ದಾರೆ. ಅಲ್ಲ. ಮನೆ ಗ್ಯಾಸಿನಲ್ಲಿ ಮೀಥೇನ್ ಶೇ. 55–60. ವಾಹನಕ್ಕೆ ಮಾರಬೇಕಾದರೆ ಜೈವಿಕ ಗ್ಯಾಸಿನ ಭಾರತೀಯ ಮಾನದಂಡ ಐಎಸ್ 16087 ಪ್ರಕಾರ ಕನಿಷ್ಠ ಶೇ. 90 ಇರಬೇಕು. ಒತ್ತಡದ ಸಿಲಿಂಡರ್‌ಗೆ ಲೈಸೆನ್ಸ್ ಬೇರೆ. ಹಿತ್ತಲಲ್ಲಿ ಸುಮ್ನೆ ಆಡುವ ಆಟವಲ್ಲ ಅದು.

ಹಾಗಾಗಿ ಈ ಸಲ ಪೈಪು ಬಿಟ್ಟು ನಿಯಮ ಓದಿದೆ. 2018ರಲ್ಲಿ ಕೇಂದ್ರ ಸರ್ಕಾರ 'ಸತತ್' ಯೋಜನೆ (ಘಟಕಗಳು ಮಾಡುವ ಜೈವಿಕ ಗ್ಯಾಸನ್ನು ತೈಲ ಕಂಪನಿಗಳು ಕೊಳ್ಳುವ ಏರ್ಪಾಡು) ತಂದಾಗ 5000 ಘಟಕಗಳ ಗುರಿ ಇತ್ತು. ಅದರ ಹತ್ತಿರವೂ ಹೋಗಲಿಲ್ಲ. ತೈಲ ಕಂಪನಿ ಕೊಳ್ಳುತ್ತದೆ ಅನ್ನುವ ಭರವಸೆಯೊಂದೇ ಸಾಲಲಿಲ್ಲ. 2023ರ ನವೆಂಬರ್‌ನಲ್ಲಿ ನಗರ ಗ್ಯಾಸ್ ಕಂಪನಿಗಳ ಮೇಲೆಯೇ ಹೊಣೆ ಹೊರಿಸಿದರು: ಸಿಎನ್‌ಜಿ ಮತ್ತು ಮನೆಗೆ ಬರುವ ಪೈಪ್ ಗ್ಯಾಸ್‌ನಲ್ಲಿ ಜೈವಿಕ ಗ್ಯಾಸ್ 2025–26ರಲ್ಲಿ ಶೇ. 1, ಆಮೇಲೆ 3, 4, 2028–29ರಿಂದ 5. ಗಿರಾಕಿ ಸಿಕ್ಕ ಹಾಗಾಯಿತು. ನನಗೆ ಇದು ಸರಿಯಾದ ದಾರಿ ಅನ್ನಿಸುತ್ತದೆ.

ಆದರೆ ನನ್ನ ತೊಟ್ಟಿ ಬೇರೆ ಲೆಕ್ಕ ಹೇಳುತ್ತದೆ. 50 ಕೆಜಿ ಸಗಣಿಗೆ ಅಷ್ಟೇ ನೀರು ಕಲಸಿ ಬಿಟ್ಟರೆ ಸುಮಾರು 2 ಘನ ಮೀಟರ್ ಗ್ಯಾಸ್. ಅದರಲ್ಲಿ ಮೀಥೇನ್ ಮುಕ್ಕಾಲು ಕೆಜಿ ಅಷ್ಟೇ! ಉಳಿದದ್ದೆಲ್ಲ ಹೆಚ್ಚುಕಡಿಮೆ ಬಗ್ಗಡವಾಗಿ ಆಚೆ ಬರುತ್ತದೆ. ನಮ್ಮ ಬಾಳೆ ತೋಟ ಅದನ್ನು ಕುಡಿದುಬಿಡುತ್ತದೆ. ದಿನಕ್ಕೆ ನೂರಾರು ಟನ್ ಕಚ್ಚಾವಸ್ತು ಹಾಕುವ ಘಟಕ ಏನು ಮಾಡಬೇಕು?

ಅದಕ್ಕೇ 2023ರಲ್ಲಿ ಬಗ್ಗಡದಿಂದ ಮಾಡುವ ಗೊಬ್ಬರಕ್ಕೆ ಟನ್‌ಗೆ 1500 ರೂಪಾಯಿ ನೆರವು ಘೋಷಿಸಿದರು. ಒಳ್ಳೆಯದೇ. ಆದರೆ ಒಣಗಿಸಿ, ಚೀಲಕ್ಕೆ ತುಂಬಿ, ಲಾರಿ ಬಾಡಿಗೆ ಕೊಟ್ಟ ಮೇಲೂ ಅದು ಸಬ್ಸಿಡಿ ಯೂರಿಯಾ ಚೀಲದ ಎದುರು ನಿಲ್ಲಬೇಕು. ಗ್ಯಾಸ್ ಕಂಪನಿಗೆ ಹಾಕಿದಂಥ ಕಡ್ಡಾಯ ಗೊಬ್ಬರ ಕಂಪನಿಗೂ ಬೇಕು ಅಂತ ನನ್ನ ವಾದ.

ಮುಂದಿನ ಕೆಲಸ: ಮರಳು ಹಾಸಿನ ಮೇಲೆ ಬಗ್ಗಡ ಒಣಗಿಸಿ, ನೂರು ಕೆಜಿಯಲ್ಲಿ ಎಷ್ಟು ಉಳಿಯುತ್ತದೆ ಅಂತ ತೂಗುವುದು. ಮಳೆ ನಿಲ್ಲಲಿ, ಶುರು ಮಾಡುತ್ತೇನೆ.