ಅರ್ಜಿಯೊಳಗಿನ ಕ್ರಿಯಾಪದ

12 ಜೂನ್ 2024, ಬುಧವಾರ
ಪೆರ್ಲ

ಬೆಳಗ್ಗಿನಿಂದ ಬಿಡದ ಮಳೆ. ಮಧ್ಯಾಹ್ನ ಸ್ವರ್ಗ ಎಂಬ ಊರಿನ ಕಡೆಯ ಹುಡುಗಿಯೊಬ್ಬಳು ಬಂದಳು. ಅಣ್ಣನಿಗೆ ಎಂಡೋಸಲ್ಫಾನ್ ಕೀಟನಾಶಕದಿಂದಾದ ಹಾನಿಗೆ ಪರಿಹಾರ ಕೇಳಿ ಇಂಗ್ಲಿಷಿನಲ್ಲಿ ಬರೆದ ಅರ್ಜಿ ಕೈಯಲ್ಲಿತ್ತು. "ಮಾಷ್ಟ್ರೇ, ಒಮ್ಮೆ ತಿದ್ದಿ ಕೊಡಿ" ಎಂದಳು.

ವ್ಯಾಕರಣ ಸರಿಯಿತ್ತು. ಆದರೆ ಉದ್ದಕ್ಕೂ ಒಂದೇ ಕ್ರಿಯಾಪದ, ಇಗ್ನೋರ್. ವಿಷ ಸುರಿದವರೂ ಇಗ್ನೋರ್ ಮಾಡಿದರು, ಕಡತ ಬದಿಗಿಟ್ಟವರೂ ಇಗ್ನೋರ್ ಮಾಡಿದರು. ಇಬ್ಬರೂ ಮಾಡಿದ್ದು ಒಂದೇ ಅಲ್ಲವಲ್ಲ! ಕಣ್ತಪ್ಪಿ ಬಿಟ್ಟುಹೋದರೆ ಓವರ್‌ಲುಕ್. ಕೇಳಿಸಿಕೊಂಡು, ಇದರಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕಿದರೆ ಡಿಸ್‌ಮಿಸ್. ಸಂಗತಿ ದೊಡ್ಡದೆಂದು ಗೊತ್ತಿದ್ದೂ ಚಿಕ್ಕದು ಮಾಡಿ ಹೇಳುವವರಿಗೆ ಡೌನ್‌ಪ್ಲೇ. ಗೊತ್ತಿತ್ತೋ ಇಲ್ಲವೋ ಎಂಬುದೇ ಇಲ್ಲಿ ಮುಖ್ಯ.

"ಅವರಿಗೆ ಗೊತ್ತಿತ್ತೆಂದು ಹೇಗೆ ಹೇಳ್ತೀ?" ಎಂದು ಕೇಳಿದೆ.

"ಹೆಲಿಕಾಪ್ಟರ್ ಬರುವ ಮೊದಲು ಬಾವಿ ಮುಚ್ಚಿ ಅಂತ ಹೇಳ್ತಿದ್ದರಂತೆ ಮಾಷ್ಟ್ರೇ. ಅಮ್ಮ ಯಾವಾಗಲೂ ಹೇಳ್ತಾರೆ."

ನನಗೆ ಬೇಕಿದ್ದದ್ದು ಅದೇ. ಬಾವಿ ಮುಚ್ಚಲು ಹೇಳಿದವರಿಗೆ ಮೇಲಿಂದ ಬೀಳುವುದು ಏನೆಂದು ತಿಳಿದಿತ್ತು. ಸುತ್ತಲ ಗೇರು ತೋಟಗಳ ಮೇಲೆ ಟೀ ಸೊಳ್ಳೆ ಎಂಬ ಗೇರಿನ ಕೀಟದ ಹೆಸರಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ, 2000ದ ಕೊನೆಯವರೆಗೂ ಸುರಿದರು. ಆಮೇಲೆ "ಅಂಥದ್ದೇನೂ ಆಗಿಲ್ಲ" ಎಂದರೆ ಅದು ಕಣ್ತಪ್ಪಲ್ಲ. ಆ ವಾಕ್ಯಕ್ಕೆ ಡೌನ್‌ಪ್ಲೇ ಹಾಕಿಸಿದೆ, ಪಕ್ಕದಲ್ಲೇ ಬಾವಿಯ ಮಾತನ್ನೂ ಬರೆಸಿದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತ್ತು. ಅದನ್ನು ಮೊದಲ ಪ್ಯಾರಾಕ್ಕೇ ತಂದೆವು.

ಬಿಲಿಟಲ್ ಹಾಕಬಹುದಾ ಎಂದು ಅವಳೇ ಕೇಳಿದಳು. ಬೇಡ ಎಂದೆ, ಅದು ಮನುಷ್ಯನನ್ನು ಹೀಗಳೆಯುವ ಕಡೆಗೆ ಹೆಚ್ಚು ವಾಲುತ್ತದೆ. ಆದರೆ ಆ ಪದದ ಕಥೆ ಹೇಳದಿರಲು ಮನಸ್ಸಾಗಲಿಲ್ಲ. ಅಮೆರಿಕದ ಪ್ರಾಣಿಗಳು ಯುರೋಪಿನವಕ್ಕಿಂತ ಕುಬ್ಜ ಎಂದು ಫ್ರಾನ್ಸಿನ ನಿಸರ್ಗಶಾಸ್ತ್ರಜ್ಞ ಬ್ಯುಫೋನ್ ವಾದಿಸಿದ್ದ. ಪ್ರಕೃತಿ ಅಲ್ಲಿ ಎಲ್ಲವನ್ನೂ ಕಿರಿದು ಮಾಡುತ್ತದೆಂಬ ಆ ವಾದವನ್ನು ಎದುರಿಸುತ್ತ ಅಮೆರಿಕದ ನಾಯಕ ಥಾಮಸ್ ಜೆಫರ್ಸನ್ 1780ರ ದಶಕದಲ್ಲಿ ಈ ಪದ ಬಳಸಿದ. ಲಂಡನ್ನಿನ ಪತ್ರಿಕೆಯೊಂದು ಇದೆಂಥ ಪದ ಎಂದು ಗೇಲಿ ಮಾಡಿತು. ಅವನು ಪದವನ್ನಷ್ಟೇ ನೆಚ್ಚಿ ಕೂರಲಿಲ್ಲ. ಎರಡೂ ಕಡೆಯ ಪ್ರಾಣಿಗಳ ತೂಕದ ಪಟ್ಟಿ ಮಾಡಿದ, 1787ರಲ್ಲಿ ಮೂಸ್ ಎಂಬ ದೊಡ್ಡದೊಂದು ಜಿಂಕೆಯ ಎಲುಬು, ಚರ್ಮಗಳನ್ನೇ ಅಮೆರಿಕದಿಂದ ಪ್ಯಾರಿಸಿಗೆ ತರಿಸಿದ.

ಹುಡುಗಿಗೆ ಅದು ಹಿಡಿಸಿತು. "ಹಾಗಾದ್ರೆ ನಾವೂ ಒಂದು ಪಟ್ಟಿ ಹಾಕುವ" ಎಂದಳು. ಯಾವ ದಿನ ಯಾವ ವೈದ್ಯಕೀಯ ಶಿಬಿರಕ್ಕೆ ಹೋದದ್ದು, ಯಾರು ಏನು ಬರೆದುಕೊಟ್ಟದ್ದು, ಯಾವ ರಶೀದಿ ಕೈಯಲ್ಲಿದೆ ಎಂದು ಮೇಜಿನ ಮೇಲೆ ಹರಡಿಕೊಂಡು ಕುಳಿತೆವು. ಮೂರು ಕಾಗದಕ್ಕೆ ದಿನಾಂಕವೇ ಇಲ್ಲ. ಅಮ್ಮನನ್ನು ಕೇಳಿಕೊಂಡು ನಾಳೆ ಬರುತ್ತಾಳೆ.