ಗೋಧಿ ಬೇಡ, ಹಾಲೂ ಬೇಡ: ಬಾದಾಮಿ ಕಡೆಯ ಊಟದ ತಿರುಗಾಟ

ನಾನು ಬಾದಾಮಿಗೆ ಹೊರಟಿದ್ದೇ ಜೋಳದ ರೊಟ್ಟಿ ತಿನ್ನಲಿಕ್ಕೆ. ಗುಹೆಗಳನ್ನೂ ನೋಡಿದೆ, ಮೂರನೇ ಗುಹೆಯಲ್ಲಿರುವ ಕ್ರಿ.ಶ. 578ರ ಮಂಗಳೇಶನ ಶಾಸನದ ಮುಂದೆ ಬಹಳ ಹೊತ್ತು ನಿಂತಿದ್ದೆ. ಆದರೆ ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಊಟದ ಬಗ್ಗೆ ಬರೆಯುತ್ತೇನೆ.

ನನಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಒಳಗೆ ಹೋದರೆ ನನ್ನ ದೇಹವೇ ನನ್ನ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಮಾತ್ರೆ ನುಂಗಿದರೆ ಹೋಗುವ ಕಾಯಿಲೆ ಅಲ್ಲ ಇದು, ಜೀವನಪೂರ್ತಿ ಪಥ್ಯ ಮಾಡಬೇಕು. ಅದರ ಮೇಲೆ ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಿದ್ದೇನೆ. ಅದನ್ನು ಯಾವ ಡಾಕ್ಟರೂ ಹೇಳಲಿಲ್ಲ, ಹಸು ಕರುಗಳ ಬಗ್ಗೆ ಯೋಚಿಸಿ ನಾನೇ ತೀರ್ಮಾನ ಮಾಡಿದ್ದು. ಎರಡೂ ಸೇರಿದರೆ ಹೋಟೆಲಿನಲ್ಲಿ ಏನು ಉಳಿಯುತ್ತೆ ಹೇಳಿ? ಪೂರಿ, ಪರೋಟ, ಉಪ್ಪಿಟ್ಟು, ರವೆ ಇಡ್ಲಿ ಒಂದು ಕಡೆಯಿಂದ ಹೋಯಿತು, ಬೆಣ್ಣೆ ದೋಸೆ ಇನ್ನೊಂದು ಕಡೆಯಿಂದ.

ಡಿಸೆಂಬರ್ ಕೊನೆಯಲ್ಲಿ ನಾನು, ನನ್ನ ಯಜಮಾನರು ರಾತ್ರಿ ರೈಲಿಗೆ ಹುಬ್ಬಳ್ಳಿಗೆ ಹೋದೆವು. ಸಂಜೆ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿಂದೆ. ಮಂಡಕ್ಕಿ, ಈರುಳ್ಳಿ, ಹುಣಸೆಹಣ್ಣು, ಬೆಲ್ಲ, ಪುಟಾಣಿ ಪುಡಿ. ಗೋಧಿಯೂ ಇಲ್ಲ, ಹಾಲೂ ಇಲ್ಲ. ಪಕ್ಕದಲ್ಲೇ ಮಿರ್ಚಿ ಬಜ್ಜಿ ಬಿಸಿಬಿಸಿ ಏಳುತ್ತಿತ್ತು. ಅದು ಕಡ್ಲೆಹಿಟ್ಟಿನದೇ, ಆದರೆ ಅದೇ ಎಣ್ಣೆಯಲ್ಲಿ ಮೈದಾದ ತಿಂಡಿಯನ್ನೂ ಕರಿಯುತ್ತಿದ್ದರು. ಹಾಗಾಗಿ ಬಿಟ್ಟೆ.

ಖಾನಾವಳಿಗೆ ಹೋಗಿ ರೊಟ್ಟಿ ಊಟ ಕೇಳಿದರೆ ಆಯ್ತಲ್ಲ ಅಂತ ನನ್ನ ಗೆಳತಿಯರು ಹೇಳಿದ್ದರು. ಅಷ್ಟು ಸುಲಭ ಇಲ್ಲ. ಎಷ್ಟೋ ಕಡೆ ರೊಟ್ಟಿ, ಚಪಾತಿ ಎರಡನ್ನೂ ಒಂದೇ ಹಂಚಿನ ಮೇಲೆ ಬೇಯಿಸುತ್ತಾರೆ. ನಾವು ಹೋದ ಒಂದು ಕಡೆ ರೊಟ್ಟಿ ಮೊದಲೇ ಮಾಡಿಟ್ಟಿದ್ದರು, ಆರಿದ ಮೇಲೂ ಕರವಸ್ತ್ರದ ಹಾಗೆ ಮಡಚಿ ಕೂತಿತ್ತು. ಬರೀ ಜೋಳದ ರೊಟ್ಟಿ ಆರಿದರೆ ಬಿಗಿಯುತ್ತೆ, ಮಡಚಿದರೆ ಸೀಳುತ್ತೆ. ಕೇಳಿದೆ. "ಮೆತ್ತಗ ಇರ್ಲಿ ಅಂತ ಸ್ವಲ್ಪ ಗೋಧಿ ಹಿಟ್ಟು ಹಾಕ್ತೀವ್ರೀ" ಅಂತ ಅವರೇ ಹೇಳಿದರು. ಅನ್ನ, ಹೆಸರುಕಾಳು ಪಲ್ಯ ತಿಂದು ಎದ್ದೆವು. ಪ್ಯಾಕೆಟ್ ಆಹಾರದ ಮೇಲೆ ಗ್ಲುಟೆನ್ ಇಲ್ಲ ಅಂತ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಇದೆ. ಅಷ್ಟು ಸೂಕ್ಷ್ಮ ಇದು. ಒಂದು ಹಿಡಿ ಗೋಧಿ ಹಿಟ್ಟು ಅಂದರೆ ಅದರ ಎಷ್ಟೋ ಪಟ್ಟು ಆಯಿತು, ಅಲ್ವಾ?

ಮರುದಿನ ನವಲಗುಂದ, ನರಗುಂದದ ಮೇಲೆ ಬಾದಾಮಿ ದಾರಿ ಹಿಡಿದೆವು. ಎರಡೂ ಕಡೆ ಎರೆ ಹೊಲ, ಕಣ್ಣು ಹೋಗುವಷ್ಟು ದೂರ ಹಿಂಗಾರಿ ಬಿಳಿಜೋಳ. ಮಳೆಗಾಲ ಮುಗಿಯುವಾಗ ಬಿತ್ತಿದರೆ ಕಪ್ಪು ಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆದು ನಿಲ್ಲುತ್ತೆ. ಒಂದು ಹೊಲದ ಬದಿಯಲ್ಲಿ ಸೀತನಿ ಸುಡುತ್ತಿದ್ದರು. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಉದುರಿಸಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಜೊತೆ ಕೈಗೆ ಕೊಟ್ಟರು. ಹಸಿರು ಕಾಳು, ಒಳಗೆ ಹಾಲಿನಂಥ ಸಿಹಿ. ಇದಕ್ಕೆ ಯಾವ ಪ್ರಶ್ನೆಯನ್ನೂ ಕೇಳಬೇಕಾಗಲಿಲ್ಲ. ಹೊಲದಿಂದ ನೇರ ಬಾಯಿಗೆ ಬಂದದ್ದು.

ಈಗ ಬನಶಂಕರಿ. ಬಾದಾಮಿಯಿಂದ ಸುಮಾರು ಐದು ಕಿಲೋಮೀಟರ್. ದೇವಸ್ಥಾನದ ಎದುರು ಹರಿದ್ರಾ ತೀರ್ಥ ಅನ್ನುವ ದೊಡ್ಡ ಪುಷ್ಕರಣಿ. ಅಲ್ಲಿ ಇಳಕಲ್ ಸೀರೆ ಉಟ್ಟ ಹೆಂಗಸರು ಬುಟ್ಟಿಯಲ್ಲಿ ಮನೆಯಿಂದ ಊಟ ತಂದು ಮಾರುತ್ತಾರೆ. ಈ ದೇವಿಗೆ ಶಾಕಾಂಬರಿ ಅಂತಲೂ ಹೆಸರು, ಸೊಪ್ಪು ತರಕಾರಿಯ ದೇವಿ. ಜನವರಿಯ ಸುಮಾರಿಗೆ ಬರುವ ಜಾತ್ರೆಯಲ್ಲಿ ಪಲ್ಲೇದ ಹಬ್ಬ ಮಾಡಿ 108 ಬಗೆಯ ತರಕಾರಿ ಅಡುಗೆ ಎಡೆ ಇಡುತ್ತಾರೆ. ನನ್ನಂಥವಳಿಗೆ ಇದಕ್ಕಿಂತ ಹತ್ತಿರದ ದೇವರು ಇನ್ಯಾರು!

"ಊಟಾ ಮಾಡ್ರೀ ಅಕ್ಕಾರ" ಅಂತ ಒಬ್ಬ ಅಜ್ಜಿ ಕರೆದರು. ಬುಟ್ಟಿ ಬಿಚ್ಚುವ ಮೊದಲೇ ನಾನು ಶುರು ಮಾಡಿದೆ. ರೊಟ್ಟಿಗೆ ಗೋಧಿ ಹಿಟ್ಟು ಹಾಕಿದ್ದೀರಾ ಅವ್ವಾ?

"ಗೋಧಿ ಹಾಕಿದ್ರ ಅದು ಜ್ವಾಳದ ರೊಟ್ಟಿ ಹೆಂಗಾಕ್ಕೈತಿ?"

ಪಲ್ಯಕ್ಕೆ ಇಂಗು? ಇದನ್ನು ಕೇಳಲೇಬೇಕು, ಯಾಕೆಂದರೆ ಅಂಗಡಿಯಲ್ಲಿ ಸಿಗುವ ಇಂಗು ಬರೀ ಇಂಗಲ್ಲ, ಅದಕ್ಕೆ ಮೈದಾ ಅಥವಾ ಅಕ್ಕಿಹಿಟ್ಟು, ಗೋಂದು ಬೆರೆಸಿರುತ್ತಾರೆ. ಸಾರು, ಸಾಂಬಾರು, ಉಪ್ಪಿನಕಾಯಿ ಎಲ್ಲದರಲ್ಲೂ ಸದ್ದಿಲ್ಲದೆ ಗೋಧಿ ಬರುವುದು ಇದೇ ದಾರಿಯಲ್ಲಿ.

"ಬಳ್ಳೊಳ್ಳಿ ಹಾಕೀನಿ. ಇಂಗ್ ಯಾಕ ಬೇಕವ್ವಾ?"

ಅಷ್ಟು ಹೊತ್ತಿಗೆ ನಾನು ಅಕ್ಕಾರದಿಂದ ಅವ್ವ ಆಗಿದ್ದೆ. ಗಿರಣಿ ಬಗ್ಗೆಯೂ ಕೇಳಿದೆ. ತಮ್ಮ ಊರಿನ ಗಿರಣಿಯಲ್ಲಿ ಜೋಳಕ್ಕೆ ಬೇರೆ ಕಲ್ಲು, ಗೋಧಿಗೆ ಬೇರೆ ಅಂದರು. ಸಿಟಿಯಲ್ಲಿ ಹಿಟ್ಟು ಬೀಸಿಸುವವರು ಇದನ್ನು ವಿಚಾರಿಸಲೇಬೇಕು. ಒಂದೇ ಕಲ್ಲಿನಲ್ಲಿ ಗೋಧಿ ಬೀಸಿದ ಮೇಲೆ ಜೋಳ ಹಾಕಿದರೆ ನಮಗೆ ಆ ಹಿಟ್ಟು ಆಗುವುದಿಲ್ಲ.

ಮರದ ನೆರಳಲ್ಲಿ ಕೂತೆವು. ಎರಡು ರೊಟ್ಟಿ, ಬದನೆಯ ಎಣಗಾಯಿ ಪಲ್ಯ, ಕಡ್ಲೆಹಿಟ್ಟಿನ ಝುಣಕ, ಮಡಕಿಕಾಳು, ಅಗಸಿ ಹಿಂಡಿ, ಕೆಂಪು ಖಾರ, ಪಕ್ಕದಲ್ಲಿ ಹಸಿ ಮೆಂತೆ ಸೊಪ್ಪು, ಉಳ್ಳಾಗಡ್ಡಿ. ಎಣಗಾಯಿಯಲ್ಲಿ ಶೇಂಗಾ, ಗುರೆಳ್ಳು, ಎಳ್ಳು ಅರೆದು ತುಂಬಿದ್ದರು. ಆ ಮಸಾಲೆಯಲ್ಲೇ ಎಷ್ಟು ಜಿಡ್ಡು, ಎಷ್ಟು ರುಚಿ ಇತ್ತೆಂದರೆ ತುಪ್ಪ ಇಲ್ಲ ಅನ್ನುವುದು ನೆನಪಿಗೇ ಬರಲಿಲ್ಲ. ಕಾಳು, ಎಳ್ಳು, ಸೊಪ್ಪು, ಜೋಳ: ಹಾಲು ಬಿಟ್ಟವರು ಪ್ರೋಟೀನಿಗೆ ಏನು ಮಾಡುತ್ತೀರಿ ಅಂತ ಕೇಳುವವರಿಗೆ ಈ ಎಲೆ ತೋರಿಸಬೇಕು. "ಮಸರು ಬ್ಯಾಡೇನು?" ಅಂತ ಅಜ್ಜಿ ಕುಡಿಕೆ ಮುಂದೆ ಹಿಡಿದರು. ಬೇಡ ಅಂದದ್ದಕ್ಕೆ ಬೇಜಾರಾಗಿ ಇನ್ನೊಂದು ಸೌಟು ಪಲ್ಯ ಬಡಿಸಿದರು.

ಸಂಜೆ ಬಾದಾಮಿಯಲ್ಲಿ, ರೊಟ್ಟಿ ಮಾಡಿ ಮಾರುವ ಒಬ್ಬರ ಮನೆಯಲ್ಲಿ ಕೂತು ನೋಡಿದೆ. ಕುದಿಯುವ ನೀರು ಹಿಟ್ಟಿಗೆ ಸುರಿದು, ಸ್ವಲ್ಪ ಆರಿದ ಮೇಲೆ ಅಂಗೈಯಲ್ಲಿ ಒತ್ತಿ ಒತ್ತಿ ನಾದುತ್ತಾರೆ. ಗೋಧಿ ಹಿಟ್ಟು ಹಿಗ್ಗುವುದು ಗ್ಲುಟೆನ್‌ನಿಂದ. ಜೋಳದಲ್ಲಿ ಅದು ಇಲ್ಲ, ಹಾಗಾಗಿ ಬಿಸಿನೀರು ಪಿಷ್ಟವನ್ನು ಅಂಟು ಮಾಡಿ ಹಿಟ್ಟನ್ನು ಹಿಡಿಯಬೇಕು, ಉಳಿದದ್ದು ಕೈಯ ಕೆಲಸ. ತಟ್ಟುತ್ತಾ ತಿರುಗಿಸುತ್ತಾ ಹೋದ ಹಾಗೆ ಮುದ್ದೆ ಹರಡಿ ಕಾಗದದಷ್ಟು ತೆಳ್ಳಗಾಯಿತು. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುಗಿಸಿದರೆ ಬುರ್ರನೆ ಉಬ್ಬಿತು. ಈ ಕೈಚಳಕಕ್ಕೆ ಒಂದು ರೊಟ್ಟಿಗೆ ಅವರಿಗೆ ಸಿಗುವುದು ತೀರಾ ಕಡಿಮೆ. ನನ್ನ ಕಾಯಿಲೆಯವರಿಗೆಂದೇ ಅಂಗಡಿಯಲ್ಲಿ ಮಾರುವ ಬ್ರೆಡ್ಡಿನ ಬೆಲೆ ನೆನೆದರೆ ಸಿಟ್ಟೇ ಬರುತ್ತದೆ.

ಹೋಗುವವರಿಗೆ ಒಂದು ಮಾತು. ಚಳಿಗಾಲದಲ್ಲಿ ಹೋಗಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಸಿಗುತ್ತೆ. ಬೆಳಗಿನ ತಿಂಡಿಗೆ ಅವಲಕ್ಕಿ ಕೇಳಿ, ಇಂಗಿಲ್ಲದೆ. ಹೋಳಿಗೆ, ಮಾದಲಿ ಗೋಧಿಯವು, ಕರದಂಟಿಗೆ ತುಪ್ಪ ಹಾಕುತ್ತಾರೆ, ಹಾಗಾಗಿ ಸಿಹಿಗೆ ಶೇಂಗಾ ಬೆಲ್ಲವೇ ಗತಿ. ವಾಪಸ್ ಬರುವಾಗ ಗರಿಗರಿ ಒಣಗಿಸಿದ ಕಟಕ್ ರೊಟ್ಟಿ ಕಟ್ಟಿಸಿಕೊಳ್ಳಿ, ವಾರಗಟ್ಟಲೆ ಕೆಡುವುದಿಲ್ಲ. ಹಿಂಡಿಯ ಪೊಟ್ಟಣ ಜೊತೆಗಿದ್ದರೆ ರೈಲಿನ ಊಟದ ಚಿಂತೆಯೂ ಇಲ್ಲ.