ಅಂಚಿನ ಪೆನ್ಸಿಲ್ ಬರಹ

ಸಂಜೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಐದು ಜನ ಕುಳಿತು ಸಂಖ್ಯಾಶಾಸ್ತ್ರದ ಒಂದೇ ಒಂದು ಲೆಕ್ಕಕ್ಕೆ ಒಂದೂವರೆ ಗಂಟೆ ತಲೆ ಕೆಡಿಸಿಕೊಂಡೆವು. ಆನರ್ಸ್ ಪದವಿಗೆಂದು ನಾಲ್ಕನೇ ವರ್ಷಕ್ಕೆ ಉಳಿದವರು ಇಷ್ಟೇ ಮಂದಿ.

ಕೈಯಲ್ಲಿ ಸೀನಿಯರ್ ಅಕ್ಕ ಕೊಟ್ಟ ನೋಟ್‌ಬುಕ್. ರಟ್ಟು ಕಿತ್ತುಹೋಗಿದೆ, ದಾರ ಹಾಕಿ ಹೊಲಿದಿದ್ದಾರೆ. ಆ ಲೆಕ್ಕದ ಪಕ್ಕ, ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ ಸಣ್ಣಗೆ: ‘ಇಲ್ಲಿ ಎರಡು ದಿನ ಸಿಕ್ಕಿಕೊಂಡಿದ್ದೆ. ಹೆದರಬೇಡ.’ ಅದರ ಕೆಳಗೆ ಬೇರೆ ಕೈಬರಹ: ‘ನಾನೂ.’

ಎಷ್ಟು ಧೈರ್ಯ ಬಂತೆಂದರೆ! ಮೇಷ್ಟ್ರು ಎಷ್ಟೇ ಚೆನ್ನಾಗಿ ಹೇಳಿಕೊಟ್ಟರೂ ಈ ಧೈರ್ಯವೇ ಬೇರೆ.

ನಾನೂ ಕೆಳಗೆ ಬರೆದೆ.

ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ನಮ್ಮ ಕಾಲೇಜಿನಲ್ಲಿ ನಾವೇ ಕೊನೆಯ ತಂಡ. ಈ ನೋಟ್‌ಬುಕ್ಕನ್ನು ಇನ್ನು ಯಾರ ಕೈಗೆ ಕೊಡುವುದೆಂದು ಕತ್ತಲಾಗುವವರೆಗೂ ಮಾತನಾಡಿದೆವು.